ಗೌಡರ ಕಲ್ಲು, ಆಯಿಯ ಗೂಟ

ಹಸ್ತ ಮಳೆ ಕೂಡಿ ಮೂರನೆಯ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ನಾನು ಕಟ್ಟಿದ ಮೋರಿ ಕೊಚ್ಚಿಹೋಯಿತು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗಿರುವ ಊರು. ಹೆಸರು ಬೇಡ. ಇಂಥ ಊರು, ಇಂಥ ಹಳ್ಳ, ಇಂಥ ಮೋರಿ ಈ ಭಾಗದಲ್ಲಿ ಬೇಕಾದಷ್ಟಿವೆ. ನಿಮ್ಮೂರಿನದೂ ಅವುಗಳಲ್ಲೊಂದು ಇರಬಹುದು. ಅದಕ್ಕೇ ಬರೆಯುತ್ತಿದ್ದೇನೆ.

ಫೋನ್ ಮಾಡಿದವನು ನನ್ನ ಗೌಂಡಿ, ಗಾರೆಕೆಲಸದ ಮೇಸ್ತ್ರಿ. ಪೈಪು ಕಿತ್ತು ಹೊರಗೆ ಬಿದ್ದಿದೆ, ತಗ್ಗಿನ ಓಣಿಯಲ್ಲಿ ಎದೆಮಟ್ಟ ನೀರು ನಿಂತು ಇಳಿದಿದೆ, ಬೇಗ ಬನ್ನಿ ಎಂದ. ಜನ ಹೇಗಿದ್ದಾರೆ ಎಂದು ಕೇಳಿದೆ. ಜನ ಇದ್ದಾರೆ, ಎಮ್ಮೆ ಹೋಯಿತು ಎಂದ.

ಬೈಕಿನಲ್ಲಿ ಹೋಗಿ ತಲುಪುವಷ್ಟರಲ್ಲಿ ಹಳ್ಳ ಏನೂ ಅರಿಯದ ಹಾಗೆ ಮೊಣಕಾಲುದ್ದ ಹರಿಯುತ್ತಿತ್ತು. ಆಳೆತ್ತರದ ಮಣ್ಣಿನ ಏರಿ ಹಾಕಿ ಅದರ ಹೊಟ್ಟೆಯಲ್ಲಿ ಮೂರು ಸಿಮೆಂಟ್ ಪೈಪು ಕೂಡಿಸಿ ಮೇಲೆ ರಸ್ತೆ ಮಾಡಿದ್ದೆ. ಏರಿಯ ಎಡಭಾಗ ಹಲ್ಲು ಬಿದ್ದ ಬಾಯಿಯ ಹಾಗೆ ಖಾಲಿಯಾಗಿತ್ತು. ಒಂದು ಪೈಪು ನೂರು ಹೆಜ್ಜೆ ದೂರ ಕೆಸರಿನಲ್ಲಿ ನೆಟ್ಟಗೆ ನಿಂತಿತ್ತು. ಉಳಿದೆರಡರ ಬಾಯಿಗೆ ಹತ್ತಿಕಟ್ಟಿಗೆ, ಜಾಲಿಮುಳ್ಳು, ಗೋವಿನಜೋಳದ ದಂಟು ಗಿಡಿದು ಮುಚ್ಚಿದ ಹಾಗೆ ತುಂಬಿಕೊಂಡಿದ್ದವು. ನಮ್ಮ ಕಡೆ ಎಲ್ಲರೂ ಹೊಲದಿಂದ ಕಿತ್ತ ಹತ್ತಿಕಟ್ಟಿಗೆಯನ್ನು ಹಳ್ಳದ ದಂಡೆಗೇ ಒಟ್ಟುತ್ತಾರೆ. ಯಾರ ಜಾಗವೂ ಅಲ್ಲ, ಯಾರೂ ಕೇಳುವುದಿಲ್ಲ. ಮಳೆ ಮೆಲ್ಲಗೆ ಬರುತ್ತಿದ್ದ ಕಾಲದಲ್ಲಿ ಅದು ಅಲ್ಲೇ ಇರುತ್ತಿತ್ತು, ಚಳಿಗಾಲದಲ್ಲಿ ಒಲೆಗೆ ಆಗುತ್ತಿತ್ತು.

ಕಣ್ಣಿಗೆ ಕಂಡಿದ್ದು ಇಷ್ಟು: ಎರಡು ತಾಸಿನೊಳಗೆ ಗುಡ್ಡದ ನೀರೆಲ್ಲ ಒಮ್ಮೆಲೇ ಬಂದಿದೆ, ದಂಡೆಯ ಕಟ್ಟಿಗೆ ಹೊತ್ತು ತಂದು ಪೈಪಿಗೆ ತುರುಕಿದೆ, ನನ್ನ ಏರಿ ಅಡ್ಡಗಟ್ಟೆಯಾಗಿ ನಿಂತಿದೆ. ಏರಿಯ ಮೇಲ್ಬದಿಯಲ್ಲೇ ಇರುವ ತಗ್ಗಿನ ಓಣಿಯ ಹದಿನಾಲ್ಕು ಮನೆಗಳಿಗೆ ನೀರು ತುಂಬಿದೆ. ಏರಿ ಒಡೆದ ಮೇಲೆಯೇ ಓಣಿ ಬದುಕಿದೆ. ನನ್ನ ಕೆಲಸ ಗಟ್ಟಿಯಾಗಿದ್ದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು. ಗುತ್ತಿಗೆದಾರನಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಇದೆಯೇ?

ಓಣಿಯ ಕೊನೆಯ ಮನೆಯ ಹಿಂದಿನ ಗೋಡೆ ಪೂರ್ತಿ ಕುಸಿದಿತ್ತು. ಪಕ್ಕದ ಗೋಡೆಯ ಮೇಲೆ ಬುದ್ಧನ ಪಟವೊಂದು ಓರೆಯಾಗಿ ತೂಗುತ್ತಿತ್ತು. ಸತ್ತ ಎಮ್ಮೆಯ ಹತ್ತಿರ ಕುಳಿತಿದ್ದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಓಣಿಯವರೆಲ್ಲ ಆಕೆಯನ್ನು ಆಯಿ ಎನ್ನುತ್ತಾರೆ, ನಾನೂ ಹಾಗೇ ಅಂದೆ.

"ನೀನ ಏನಪಾ ಈ ಮೋರಿ ಕಟ್ಟಿದಾಂವ?"

"ಹೌದ ಆಯಿ."

"ಮೋರಿ ಎಲ್ಲಿ ಕಟ್ಟೀದಿ? ಕೆರಿ ಕಟ್ಟೀದಿ. ನಮ್ಮನ್ನೆಲ್ಲಾ ಮೀನಾ ಮಾಡಾಕ ಹೊಂಟಿದ್ದಿ."

ಬಾಯಿ ಜೋರು ಎಂದು ನನಗೆ ಹೆಸರಿದೆ. ಜಲ್ಲಿ-ಖಡಿಯ ಲಾರಿಯವನ ಹತ್ತಿರ, ಸಿಮೆಂಟ್ ಅಂಗಡಿಯವನ ಹತ್ತಿರ, ಕಚೇರಿಯಲ್ಲಿ ಎಲ್ಲಿಯೂ ಮಾತಿನಲ್ಲಿ ಸೋತವನಲ್ಲ. ಅಲ್ಲಿ ಸೋತೆ.

ಆ ಮೋರಿಯ ಅಳತೆ ಹೇಗೆ ನಿರ್ಧಾರವಾಗಿತ್ತು ಎಂಬುದನ್ನು ಹೇಳಬೇಕು, ಏಕೆಂದರೆ ತಪ್ಪು ಇರುವುದು ಅಲ್ಲಿಯೇ. ಹಳ್ಳಕ್ಕೆ ಎಷ್ಟು ದೂರದ ನೀರು ಬರುತ್ತದೆ ಎಂಬುದನ್ನು ನಕ್ಷೆಯಿಂದ ತೆಗೆಯುತ್ತಾರೆ. ಎಷ್ಟು ಮಳೆ ಎಂಬುದನ್ನು ಹಳೆಯ ಪಟ್ಟಿಯಿಂದ ತೆಗೆಯುತ್ತಾರೆ. ಮೂರನೆಯದು, ನೀರು ಎಷ್ಟು ಎತ್ತರ ಬಂದಿತ್ತು ಎಂಬುದು. ಆ ಕಾಲಮಿನ ಮುಂದೆ "ಸ್ಥಳೀಯ ವಿಚಾರಣೆ" ಎಂದಿರುತ್ತದೆ. ವಿಚಾರಣೆ ಎಂದರೆ ಏನು? ಎರಡು ವರ್ಷದ ಹಿಂದೆ ಕಿರಿಯ ಇಂಜಿನಿಯರ್ ಸಾಹೇಬರೂ ನಾನೂ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತು ಚಹ ಕುಡಿದೆವು. ಊರಿನ ಹಿರಿಯ ಗೌಡರು ಗುಡಿಯ ಮುಂದಿನ ಕರಿಗಲ್ಲು ತೋರಿಸಿದರು. ಅದರ ನಡುಮಟ್ಟದಲ್ಲಿ ಉಳಿಯಿಂದ ಕೊರೆದ ಗೆರೆಯೊಂದಿದೆ. ಗೌಡರ ಅಜ್ಜನ ಕಾಲದಿಂದ ಎಂಥ ಮಳೆ ಬಂದರೂ ನೀರು ಆ ಗೆರೆ ದಾಟಿಲ್ಲ, ಬರೆದುಕೊಳ್ಳಿ ಎಂದರು. ಸಾಹೇಬರು ಬರೆದುಕೊಂಡರು. ನಾನು ತಲೆಯಾಡಿಸಿದೆ. ಆ ಗೆರೆಯ ಆಧಾರದ ಮೇಲೆ ಮೂರು ಪೈಪು ಸಾಕಾದವು.

ತಗ್ಗಿನ ಓಣಿಗೆ ಹೋಗಿ ಕೇಳಲಿಲ್ಲ. ಸಾಹೇಬರು ಕೇಳಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಆದರೆ ನಾನು ಹುಟ್ಟಿದ್ದೂ ರಾಮದುರ್ಗದ ಕಡೆಯ ಇಂಥದೇ ಓಣಿಯಲ್ಲಿ, ಖಡಿ ಒಡೆಯುವವರ ಮನೆಯಲ್ಲಿ. ನೀರು ಮೊದಲು ಎಲ್ಲಿಗೆ ಬರುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕಟ್ಟೆಯ ಮೇಲೆ ಕುಳಿತು ಚಹ ಕುಡಿಯುವ ಮರ್ಯಾದೆ ಸಿಕ್ಕಿತಲ್ಲ, ಅದರಲ್ಲಿ ಮರೆತೆ. ನಿಮ್ಮೂರಿಗೆ ಮೋರಿ ಅಳೆಯಲು ಯಾರಾದರೂ ಬಂದರೆ, ಕಟ್ಟೆಯಿಂದಲೇ ವಾಪಸ್ ಹೋಗಲು ಬಿಡಬೇಡಿ. ಕೊನೆಯ ಮನೆಗೆ ಕರೆದುಕೊಂಡು ಹೋಗಿ ಅಲ್ಲಿ ಚಹ ಕುಡಿಸಿ.

ಮರುದಿನ ಕಚೇರಿಗೆ ಹೋದೆ. ಆ ವಾರ ಎಲ್ಲರ ಕಣ್ಣೂ ನವಿಲುತೀರ್ಥದ ಗೇಟಿನ ಮೇಲಿತ್ತು. ಘಟ್ಟದ ಮಳೆಗೆ ಜಲಾಶಯ ತುಂಬಿತ್ತು, ಟಿವಿಯವರು ಅಲ್ಲೇ ಬೀಡುಬಿಟ್ಟಿದ್ದರು. ಹೊಳೆಗೆ ನೀರು ಬಿಟ್ಟರೆ ಡಂಗುರ ಇದೆ, ಫೋನಿಗೆ ಸಂದೇಶ ಇದೆ. ಒಂದೇ ತಾಸು ಉಕ್ಕಿ ಇಳಿಯುವ ಹಳ್ಳಕ್ಕೆ ಏನಿದೆ? ಸುದ್ದಿಯಾಗುವುದಕ್ಕೂ ಅದು ಸಮಯ ಕೊಡುವುದಿಲ್ಲ.

ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಧಾರವಾಡದಲ್ಲಿ ಓದಿದವರು, ನನ್ನ ಮೇಲೆ ಪ್ರೀತಿಯೂ ಇತ್ತು. ಮೋರಿ ಕಟ್ಟಿ ಇನ್ನೂ ಮೂರು ವರ್ಷವಾಗಿರಲಿಲ್ಲ, ಅಂದರೆ ಕೆಟ್ಟರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಕಟ್ಟಿಕೊಡಬೇಕು. ಇಲ್ಲದಿದ್ದರೆ ಕಪ್ಪುಪಟ್ಟಿ. ಅವರು ಬಾಗಿಲು ಮುಂದೆ ಮಾಡಿ ದಾರಿ ತೋರಿಸಿದರು.

"ನೀವು ಯಾಕ ಮೈಮ್ಯಾಲೆ ಹಾಕ್ಕೋತೀರಿ? ನೈಸರ್ಗಿಕ ವಿಕೋಪ ಅಂತ ಒಂದು ಅರ್ಜಿ ಬರೀರಿ. ನಿಮ್ಮ ಹೆಸರೂ ಉಳೀತದ, ಕಟ್ಟೋ ಕೆಲಸಾನೂ ನಿಮಗ ಬರ್ತದ."

ಹೊಸದಾಗಿ ಹೇಗೆ ಕಟ್ಟುವುದು ಎಂದು ಕೇಳಿದೆ. ಹೊಸದೇನಿಲ್ಲ, ಅದೇ ನಕ್ಷೆ ಎಂದರು. ವಿಕೋಪದ ಅನುದಾನಕ್ಕೆ ಅವರ ಕಚೇರಿಯಲ್ಲಿ ಒಂದು ನಿಯಮ: ಹಾಳಾದದ್ದನ್ನು ಮೊದಲಿನ ಸ್ಥಿತಿಗೆ ತರಬೇಕು, ಅಷ್ಟೇ. ಅದಕ್ಕಿಂತ ಉತ್ತಮ ಮಾಡಿದರೆ ಆಕ್ಷೇಪಣೆ ಬರುತ್ತದೆ. ಅಂದರೆ ಓಣಿಯನ್ನು ಮುಳುಗಿಸಿದ ಮೂರು ಪೈಪನ್ನು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಮತ್ತೆ ಕೂಡಿಸಬೇಕು. ಮತ್ತೆ ಮುಳುಗಿದರೆ ಮತ್ತೆ ಅರ್ಜಿ. ಯಾರೋ ಕುಳಿತು ಯೋಚಿಸಿ ಬರೆದ ನಿಯಮ ಇದು.

ಆದರೂ ಅರ್ಜಿ ಬರೆದೆ. ಸುಳ್ಳು ಹೇಳಿ ಏನು ಪ್ರಯೋಜನ? ಸಹಿ ಹಾಕಿ, ಮಡಚಿ ಕಿಸೆಯಲ್ಲಿ ಇಟ್ಟುಕೊಂಡು, ಅದೇ ನಕ್ಷೆಗೆ ಅಳತೆ ಹಿಡಿಯಲು, ನೆಲದ ಮಟ್ಟ ನೋಡುವ ಲೆವೆಲ್ ಯಂತ್ರ ತೆಗೆದುಕೊಂಡು ಊರಿಗೆ ಹೋದೆ.

ಗೌಂಡಿ ಅಳತೆಯ ಪಟ್ಟಿ ಹಿಡಿದು ಓಣಿಯಲ್ಲಿ ನಿಂತಿದ್ದ. ಆಯಿ ಅವನನ್ನು ಒಳಗೆ ಕರೆದಳು. ಗೌಂಡಿ ಅಂತೀಯಲ್ಲ, ಈ ಗೂಟವನ್ನು ಕಿತ್ತು ಒಂದು ಗೇಣು ಮೇಲೆ ಬಡಿದುಕೊಡು ಎಂದಳು. ಆಕೆಯ ಮನೆಯಲ್ಲಿ ಬೆಲೆಬಾಳುವುದೆಲ್ಲ ಒಂದು ಬಟ್ಟೆಯ ಗಂಟಿನಲ್ಲಿ ಇರುತ್ತದೆ: ಜೋಳದ ಹಿಟ್ಟು, ರೇಷನ್ ಕಾರ್ಡು, ಗಂಡನ ಮರಣಪತ್ರ. ಆ ಗಂಟು ಗೂಟಕ್ಕೆ ತೂಗುತ್ತಿರುತ್ತದೆ. ಈ ಸಲ ಗಂಟು ತೊಯ್ದಿತ್ತು. ಕಾಗದಗಳನ್ನು ಕಲ್ಲಿನ ಮೇಲೆ ಒಣಹಾಕಿ, ಹಾರದಂತೆ ಉಳ್ಳಾಗಡ್ಡಿ ಇಟ್ಟಿದ್ದಳು.

ಗೌಂಡಿ ನನ್ನನ್ನು ಕೂಗಿದ. ನಿಂತ ಗೋಡೆಯಲ್ಲಿ ಗೂಟದ ಕೆಳಗೆ, ಮಣ್ಣು ಮೆತ್ತಿದ ಎರಡು ಹಳೆಯ ತೂತು ಕಾಣುತ್ತಿದ್ದವು. ಒಂದರ ಮೇಲೊಂದು.

"ಇದೇನ ಆಯಿ?"

"ಕೆಳಗಿಂದು ಮೊದಲಿನ ಗೂಟಾ. ನಾ ಈ ಮನಿಗೆ ನಡಿಯಾಕ ಬಂದಾಗಿಂದ ಅಲ್ಲೇ ಇತ್ತು. ಮಕ್ಕಳು ಹುಟ್ಟಿದ್ರು, ಮದಿವಿ ಆದ್ರು, ಗೂಟಾ ಅಲ್ಲೇ. ಆಮ್ಯಾಗ ಒಂದ ವರ್ಷ ಹಿಟ್ಟು ತೊಯ್ತು, ಏರಿಸಿದ್ನಿ. ಎರಡ ವರ್ಷ ಆಗಿದ್ದಿಲ್ಲ, ಮತ್ತ ತೊಯ್ತು. ಮತ್ತ ಏರಿಸಿದ್ನಿ."

"ಮೋರಿ ಕಟ್ಟೂಕಿಂತ ಮೊದಲ?"

"ಮೊದಲ. ಈಗಿಂದು ನಿನ್ನ ಉಡುಗೊರಿ."

"ಮತ್ತ ಯಾರಿಗೂ ಹೇಳಲಿಲ್ಲೇನ?"

"ಯಾರ ಕೇಳ್ಯಾರ?"

ಗೂಟ ಕೀಳಬೇಡ ಎಂದು ಗೌಂಡಿಯ ಕೈ ಹಿಡಿದೆ. ಅದು ಸಾಕ್ಷಿ ಎಂದೆ. ಸಾಕ್ಷಿ ತಿನ್ನಾಕ ಬರತೈತೇನ ಎಂದು ಆಯಿ ಗೊಣಗಿದಳು.

ಹಬ್ಬಕ್ಕೊಮ್ಮೆ ಸಾರಿಸುವ ಮಣ್ಣಿನ ಗೋಡೆಯಲ್ಲಿ ನೀರಿನ ಕಲೆ ಉಳಿಯುವುದಿಲ್ಲ. ಉಳಿದ ಲೆಕ್ಕ ಈ ತೂತುಗಳದು ಮಾತ್ರ. ಖಾಲಿ ಗಂಟನ್ನು ಮೊದಲಿನಷ್ಟೇ ಉದ್ದ ಕಟ್ಟಿಸಿ, ಒಂದೊಂದು ತೂತಿಗೂ ತೂಗಿಸಿ, ಗಂಟಿನ ಬುಡಕ್ಕೆ ಪಟ್ಟಿ ಹಿಡಿಸಿದೆ. ಯಂತ್ರವನ್ನು ಗುಡಿಯ ಕಟ್ಟೆಗೆ ಒಯ್ದು ಕರಿಗಲ್ಲಿನ ಗೆರೆಗೂ ಮಟ್ಟ ತೆಗೆದೆ. ನಡುವೆ ಹಳ್ಳ ಇಳಿಯುವ ಇಳಿಜಾರನ್ನು ಕಳೆದೆ. ಮೂರು ಸಲ ತೆಗೆದೆ, ಏಕೆಂದರೆ ಮೊದಲ ಸಲ ನಂಬಲಾಗಲಿಲ್ಲ.

ಆಯಿಯ ಮೊದಲ ಗೂಟಕ್ಕೆ ತೂಗಿದ ಗಂಟಿನ ಬುಡವೂ ಗೌಡರ ಗೆರೆಯೂ ಎರಡು ಬೆರಳು ಹೆಚ್ಚುಕಡಿಮೆ ಒಂದೇ ಮಟ್ಟ. ಗೌಡರು ಸುಳ್ಳು ಹೇಳಿರಲಿಲ್ಲ. ಅವರ ಅಜ್ಜನ ಕಾಲದಿಂದ ಆಯಿ ಮುದುಕಿಯಾಗುವವರೆಗೆ ಹಳ್ಳ ಮಾತು ಉಳಿಸಿಕೊಂಡಿತ್ತು. ಆಮೇಲೆ ಎರಡು ವರ್ಷದೊಳಗೆ ಎರಡು ಸಲ ಮಾತು ಮುರಿದಿತ್ತು. ಮಧ್ಯಾಹ್ನ ಬಂದು, ಜನ ಹೊಲದಿಂದ ವಾಪಸಾಗುವುದರೊಳಗೆ ಇಳಿದುಹೋದ ನೀರು ಕಟ್ಟೆಯ ಮೇಲಿನವರಿಗೆ ಕಂಡಿರಲಿಲ್ಲ. ಕಂಡವರನ್ನು ಯಾರೂ ಕೇಳಿರಲಿಲ್ಲ. ಆ ಎರಡು ಏಟು ಮುಗಿಲಿನದು. ಮೂರನೆಯದರಲ್ಲಿ ಮುಗಿಲಿನ ಪಾಲೂ ಇದೆ, ನನ್ನ ಏರಿಯ ಪಾಲೂ ಇದೆ.

ಮುಗಿಲಿಗೆ ಏನಾಗಿದೆ ಎಂದು ಕೇಳಬೇಕಲ್ಲ. ಮಳೆ ಅಳೆಯುವ ಕೇಂದ್ರದಲ್ಲಿ ಹವಾಮಾನ ಓದಿದ ಮೇಡಂ ಒಬ್ಬರಿದ್ದರು, ರಾಮದುರ್ಗದ ನೇಕಾರರ ಮನೆಯವರು. ಅಲ್ಲಿನ ಯಂತ್ರ ಗಳಿಗೆಗಳಿಗೆಗೂ ಬಿದ್ದ ಮಳೆಯನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಅವರು ಆ ದಿನದ ಕಾಗದ ಹಾಸಿದರು. ಬೆಳಗಿನಿಂದ ಗೆರೆ ನೆಲಕ್ಕೆ ಮಲಗಿತ್ತು. ಮಧ್ಯಾಹ್ನ ಗೋಡೆ ಹತ್ತಿದ ಹಾಗೆ ನೆಟ್ಟಗೆ ಎದ್ದು, ಎರಡು ತಾಸಿನೊಳಗೆ ಮತ್ತೆ ಮಲಗಿತ್ತು. ಅದರ ಹಿಂದಿನ ಉತ್ತರಿ ಮಳೆಯ ಕಾಗದಗಳೆಲ್ಲ ಬೋಳು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕಲ್ಲಿದ್ದಲು, ಡೀಸೆಲ್, ಪೆಟ್ರೋಲು ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದೆ. ಗಾಳಿಯೂ ಕಾದಿದೆ, ಅರಬ್ಬಿ ಸಮುದ್ರವೂ ಕಾದಿದೆ. ಕಾದ ಗಾಳಿ ಹೆಚ್ಚು ನೀರು ಹೊರುತ್ತದೆ: ಒಂದು ಡಿಗ್ರಿ ಏರಿದರೆ ನೂರಕ್ಕೆ ಆರೇಳು ಪಾಲು ಹೆಚ್ಚು. ಮೊದಲು ಕೊಡ ಹೊತ್ತು ಬರುತ್ತಿದ್ದವನು ಈಗ ಹಂಡೆ ಹೊತ್ತು ಬರುತ್ತಾನೆ. ಹಂಡೆ ತುಂಬಲು ಹೊತ್ತು ಬೇಕು, ಅಲ್ಲಿಯವರೆಗೆ ಒಣ. ಸುರಿದರೆ ಒಂದೇ ಸಲ. ಮಳೆಗಾಲದ ಒಟ್ಟು ಮಳೆ ಅಷ್ಟೇ ಇದ್ದರೂ ಬೀಳುವ ರೀತಿ ಬೇರೆ.

ಹಾಗಾದರೆ ಈ ಮಳೆ ಆ ಹೊಗೆಯಿಂದಲೇ ಬಂದದ್ದು ಎಂದು ಬರೆದುಕೊಡಿ ಎಂದೆ. ಮೇಡಂ ನಕ್ಕರು.

"ಹಂಗ ಬರಕೊಡ್ಲಿಕ್ಕೆ ಬರೂದಿಲ್ಲರಿ. ಜೋರು ಮಳಿ ಮೊದಲೂ ಇತ್ತು. ಆದ್ರ ಹಾಲಿನಾಗ ನೀರು ಬೆರಸಿದ ಮ್ಯಾಲೆ ಯಾವ ಹನಿ ನೀರು ಅಂತ ತೋರಸ್ಲಿಕ್ಕೆ ಆಗ್ತದೇನು? ಆಗೂದಿಲ್ಲ. ಹಾಲು ತೆಳ್ಳಗ ಆಗೇದ ಅಂತ ಮಾತ್ರ ಖಂಡಿತ ಹೇಳಬಹುದು. ಇಂಥ ಮಳಿ ಇನ್ನ ಹೆಚ್ಚು ಸಲ, ಹೆಚ್ಚು ಜೋರು. ಅಷ್ಟನ್ನ ಬರಕೊಡ್ತೀನಿ."

ಕಾಗದದ ಪ್ರತಿ ತೆಗೆದುಕೊಂಡು ಹೊರಗೆ ಬಂದೆ. ಕಿಸೆಯಲ್ಲಿದ್ದ ಅರ್ಜಿಯ ಮೊದಲ ಸಾಲು ನೆನಪಾಗಿ ಮೈ ಉರಿಯಿತು: "ದೈವೇಚ್ಛೆಯಿಂದ ಉಂಟಾದ ನೈಸರ್ಗಿಕ ವಿಕೋಪ." ಯಾವ ದೇವರ ಇಚ್ಛೆ? ಹೊಗೆ ಬಿಟ್ಟವರು ಮನುಷ್ಯರು, ಅದೂ ಎಲ್ಲ ಮನುಷ್ಯರಲ್ಲ. ದೊಡ್ಡ ದೇಶದವರು ನೂರು ವರ್ಷ ಸುಟ್ಟು ಸುಖಪಟ್ಟರು. ನಮ್ಮಲ್ಲೂ ಇದ್ದಾರೆ: ಕೋಣೆಗೊಂದು ಎಸಿ, ತಲೆಗೊಂದು ಕಾರು. ನಾನೂ ಸಾಚಾ ಅಲ್ಲ, ನನ್ನ ಜೆಸಿಬಿ, ಮಿಕ್ಸರು ಕುಡಿಯುವುದು ಡೀಸೆಲ್ಲೇ, ನಾನು ಸುರಿಯುವ ಸಿಮೆಂಟು ಬೆಂದದ್ದು ಕಲ್ಲಿದ್ದಲಿನಲ್ಲೇ. ಆಯಿ ಏನು ಸುಟ್ಟಳು? ಜೀವಮಾನವಿಡೀ ಹತ್ತಿಕಟ್ಟಿಗೆಯ ಒಲೆ, ಒಂದು ಬಲ್ಬು. ಹೊಗೆ ಒಬ್ಬರದು, ತೊಯ್ದ ಹಿಟ್ಟು ಇನ್ನೊಬ್ಬರದು, ಸಹಿ ಮಾತ್ರ ದೇವರದು. ಇದನ್ನು ವ್ಯಾಪಾರದಲ್ಲಿ ಮಾಡಿದರೆ ಮೋಸ ಎನ್ನುತ್ತೇವೆ.

ಕೋಪ ಮಾಡಿಕೊಂಡರೆ ಮೋರಿ ಏಳುವುದಿಲ್ಲ. ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ ಯೋಚಿಸಿದೆ. ವಿಕೋಪ ಎಂದರೆ ಅನುದಾನ ಬರುತ್ತದೆ, ಅನುದಾನದ ಜೊತೆ ಹಳೆಯ ನಕ್ಷೆಯೂ ಬರುತ್ತದೆ. ಕೆಲಸ ಕೆಟ್ಟದ್ದು ಎಂದು ನಾನೇ ಒಪ್ಪಿಕೊಂಡರೆ? ಖರ್ಚು ನನ್ನದು, ಹೆಸರಿಗೆ ಮಸಿ ನನ್ನದು. ಆದರೆ ಕೆಟ್ಟ ಕೆಲಸವನ್ನು ಅದೇ ರೀತಿ ಮತ್ತೆ ಕೆಡಿಸು ಎಂದು ಯಾವ ನಿಯಮವೂ ಹೇಳುವುದಿಲ್ಲ. ತಪ್ಪು ಒಪ್ಪಿಕೊಂಡವನಿಗೆ ತಿದ್ದುವ ಹಕ್ಕು ಸಿಗುತ್ತದೆ. ನನ್ನ ಕಸುಬಿನಲ್ಲಿ ಇದಕ್ಕಿಂತ ದುಬಾರಿ ಚೌಕಾಸಿ ಮಾಡಿಲ್ಲ. ಅರ್ಜಿಯನ್ನು ಕೊಡಲಿಲ್ಲ.

ಸಾಹೇಬರಿಗೆ ತಲೆ ಕೆಟ್ಟಿತು. ನಾನು ಹೊಸ ನಕ್ಷೆ ಮುಂದಿಟ್ಟೆ: ಏರಿ ಬೇಡವೇ ಬೇಡ. ರಸ್ತೆಯನ್ನು ಹಳ್ಳದ ಮಟ್ಟಕ್ಕೆ ಇಳಿಸಿ, ಕಾಂಕ್ರೀಟ್ ಹಾಸು ಹಾಕಿ, ದಿನದ ನೀರಿಗೆ ಕೆಳಗೆ ಅಗಲವಾದ ಎರಡು ಚೌಕ ಕಂಡಿ ಬಿಡುವುದು. ಮಳೆ ಉಕ್ಕಿದಾಗ ನೀರು ರಸ್ತೆಯ ಮೇಲೇ ಹಾಯ್ದುಹೋಗಲಿ, ಕಟ್ಟಿಗೆ ತಂದರೂ ಮೇಲಿಂದ ಹೊತ್ತೊಯ್ಯಲಿ. ದೊಡ್ಡ ಸೇತುವೆಯ ಖರ್ಚು ನನ್ನ ಕೈಯಲ್ಲಿ ಆಗದು, ಇಳಿಸುವುದು ಆಗುತ್ತದೆ.

"ಅದೆಲ್ಲಾ ಖರೇರಿ. ಆದ್ರ ನೆರೆಯ ಮಟ್ಟಕ್ಕ ಏನಂತ ಬರೀಲಿ? ಅಜ್ಜಿ ಮನಿ ಗೂಟಾ ಅಂತ ಕಡತದಾಗ ಬರೀಲಿಕ್ಕೆ ಬರ್ತದೇನು?"

"ಗೌಡ್ರ ಕಲ್ಲು ಬರೀಲಿಕ್ಕೆ ಬಂತಲ್ಲ ಸಾಹೇಬ್ರ."

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ "ಸ್ಥಳೀಯ ವಿಚಾರಣೆ" ಎಂಬ ಕಾಲಮಿನ ಮುಂದೆ ಮೂರು ತೂತಿನ ಮಟ್ಟವನ್ನೂ ಬರೆದರು. ಅವರಿಗೆ ಅದರಿಂದ ಮುಂದೆ ಬೈಗುಳ ಬಂತು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಕಡತ ಮೇಲೆ ಹೋಗಿ ವಾಪಸ್ ಬಂತು. ಷರಾ ಹೀಗಿತ್ತು: ಆ ತಿಂಗಳ ಮಳೆ ವಾಡಿಕೆಯಷ್ಟೇ ಇದೆ, ಆದ್ದರಿಂದ ವಿನ್ಯಾಸ ಬದಲಿಸಲು ಕಾರಣ ಕಾಣುವುದಿಲ್ಲ. ಓದಿ ನಗಬೇಕೋ ಹೊಡೆದಾಡಬೇಕೋ ತಿಳಿಯಲಿಲ್ಲ. ಒಬ್ಬನನ್ನು ತಿಂಗಳೆಲ್ಲ ಉಪವಾಸ ಕೆಡವಿ, ಕೊನೆಗೆ ಮೂವತ್ತು ದಿನದ ರೊಟ್ಟಿಯನ್ನು ಒಂದೇ ಹೊತ್ತಿಗೆ ಬಾಯಿಗೆ ತುರುಕಿ, ರೊಟ್ಟಿಯ ಲೆಕ್ಕ ಸರಿಯಾಗಿದೆ, ಇವನ ಹೊಟ್ಟೆ ಏಕೆ ಒಡೆಯಿತು ಎಂದು ಕೇಳಿದ ಹಾಗೆ. ಮೇಡಂ ಕೊಟ್ಟ ಕಾಗದ ಲಗತ್ತಿಸಿ ಮತ್ತೆ ಕಳಿಸಿದೆವು. ಮತ್ತೆ ವಾಪಸ್. ಮೂರನೆಯ ಸಲ ನಾನೇ ಹೋಗಿ, ಹೆಚ್ಚಿನ ಒಂದು ರೂಪಾಯಿ ಕೇಳುವುದಿಲ್ಲ ಎಂದು ಬರೆದುಕೊಟ್ಟ ಮೇಲೆ ಸಹಿ ಬಿತ್ತು, ಊರಿನ ಒಪ್ಪಿಗೆ ತರಬೇಕು ಎಂಬ ಷರತ್ತಿನ ಮೇಲೆ. ಒಂದು ಸಲಹೆ: ಕಚೇರಿಗೆ ಹೋದಾಗ ಸರಾಸರಿಯ ಮಾತು ಬಂದರೆ ಸುಮ್ಮನೆ ತಲೆಯಾಡಿಸಬೇಡಿ. ಯಾವ ದಿನ, ಯಾವ ತಾಸು ಎಂದು ಕೇಳಿ.

ಒಪ್ಪಿಗೆ ಕೇಳಲು ಅದೇ ಕಟ್ಟೆಗೆ ಹೋದೆ. ಆಯಿಯ ಗೂಟ ಅಳೆದು ರಸ್ತೆ ಇಳಿಸುತ್ತಾನಂತೆ ಎಂಬ ಸುದ್ದಿ ಮೊದಲೇ ಮುಟ್ಟಿತ್ತು. ಮೇಲಿನ ಓಣಿಯವರಿಗೆ ಎತ್ತರದ ರಸ್ತೆ ಬೇಕು. ಕಬ್ಬಿನ ಟ್ರ್ಯಾಕ್ಟರ್ ನಿಲ್ಲಬಾರದು, ಮಳೆಗಾಲದಲ್ಲಿ ಊರು ಕಡಿದುಹೋಗಬಾರದು. ಅವರ ಮಾತಿನಲ್ಲೂ ಹುರುಳಿತ್ತು. ದವಾಖಾನೆಗೆ ಹೋಗುವವರಿದ್ದರೆ ಏನು ಮಾಡುವುದು ಎಂದು ಒಬ್ಬ ಕೇಳಿದ, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇರಲಿಲ್ಲ. ಆ ತಾಸು ದೊಡವಾಡದ ಕಡೆಯ ಸುತ್ತುದಾರಿ ಹಿಡಿಯಬೇಕು ಎಂದಷ್ಟೇ ಹೇಳಿದೆ. ಉಳಿದದ್ದಕ್ಕೆ ಉತ್ತರ ಇತ್ತು.

"ನಿಮ್ಮ ಟ್ರ್ಯಾಕ್ಟರ್ ಒಂದ ತಾಸು ನಿಂತರ ಒಂದ ಬೀಡಿ ಸೇದತೀರಿ. ಅವರ ಓಣ್ಯಾಗ ನೀರು ಒಂದ ತಾಸು ನಿಂತರ ಗೋಡಿ ಬೀಳತಾವು. ನೀವ ವ್ಯಾಪಾರ ಮಾಡ್ರಿ, ಯಾವದು ಸಸ್ತಾ?"

ಗೌಡರು, ಆ ಗೂಟ ನೋಡೋಣ ನಡೀರಿ ಎಂದು ಎದ್ದರು. ಹಿಂದೆ ಹತ್ತು ಜನ. ಗೌಡರು ತಗ್ಗಿನ ಓಣಿಯೊಳಗೆ ಎಷ್ಟು ವರ್ಷದ ಮೇಲೆ ಕಾಲಿಟ್ಟರೋ, ಕಾಲಿಟ್ಟೇ ಇರಲಿಲ್ಲವೋ, ನಾನು ಕೇಳಲಿಲ್ಲ. ಚಿಕ್ಕ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಹೋದರು. ಆಯಿ ಏಳಲಿಲ್ಲ, ಕುಳಿತಲ್ಲಿಂದಲೇ ಕೈ ಮಾಡಿ ತೋರಿಸಿದಳು. ನಾನು ಗೆರೆ ಹಾಕುವ ಅರಿಶಿನದ ದಾರ ಹಿಡಿದು ಮೊದಲ ತೂತಿನ ಗಂಟಿನ ಮಟ್ಟವನ್ನೂ ಕಲ್ಲಿನ ಗೆರೆಯ ಮಟ್ಟವನ್ನೂ ಗೋಡೆಯ ಮೇಲೆ ತೋರಿಸಿದೆ.

"ನಮ್ಮ ಕಲ್ಲು ಸುಳ್ಳ ಹೇಳಿಲ್ಲ," ಎಂದರು ಗೌಡರು.

"ಇಲ್ಲ ಗೌಡ್ರ. ಕಲ್ಲು ನಿಮ್ಮಜ್ಜನ ಮಳಿ ಹೇಳತೈತಿ. ಮ್ಯಾಲಿನ ತೂತು ಈಗಿನ ಮಳಿ ಹೇಳತಾವು."

ಅವರು ಮೂರನೆಯ ತೂತಿನಲ್ಲಿದ್ದ ಗೂಟವನ್ನು ಮುಟ್ಟಿ ನೋಡಿದರು. "ಇಳಸ್ರಿ ರಸ್ತೆ," ಎಂದರು. "ಮೊದಲ ನಿಲ್ಲೂದು ನನ್ನ ಟ್ರ್ಯಾಕ್ಟರ್ ಆಗಲಿ."

ಹತ್ತಿಕಟ್ಟಿಗೆಯನ್ನು ದಂಡೆಗೆ ಒಟ್ಟಬಾರದು ಎಂಬ ಮಾತಿಗೂ ಅಲ್ಲೇ ಒಪ್ಪಿಸಿದೆ. ಕಬ್ಬಿಣ ಕಾದಾಗಲೇ ಬಡಿಯಬೇಕು.

ಕೆಲಸ ಶುರುವಾದದ್ದು ಬೇಸಿಗೆಯಲ್ಲಿ. ಎರೆಮಣ್ಣು ತೊಯ್ದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಅದನ್ನು ಪೂರ್ತಿ ತೆಗೆದು, ಉಬ್ಬದ ಗರಸು ಮಣ್ಣು ತುಂಬಿಸಿದೆ. ನೀರು ಹಾಸಿನ ಅಡಿಗೆ ನುಗ್ಗಿ ಕೊರೆಯದಂತೆ ಮೇಲ್ಬದಿ, ಕೆಳಬದಿ ಎರಡೂ ಕಡೆ ಗಟ್ಟಿ ನೆಲ ಸಿಗುವವರೆಗೆ ಗೋಡೆ ಇಳಿಸಿದೆ. ಹಿಂದಿನ ಸಲ ಕೆಳಬದಿಯ ಗೋಡೆಯನ್ನು ಆಳ ಇಳಿಸಿರಲಿಲ್ಲ, ನಕ್ಷೆಯಲ್ಲೇ ಇಲ್ಲ ಎಂದು ಬಿಟ್ಟಿದ್ದೆ. ನಕ್ಷೆಯಲ್ಲಿ ಇಲ್ಲದ್ದು ನೀರಿಗೆ ಗೊತ್ತಿರುತ್ತದೆ.

ಆ ಬೇಸಿಗೆಯೂ ಬೇರೆ ಥರ ಕಾದಿತ್ತು. ಹನ್ನೆರಡಕ್ಕೆ ಸಲಿಕೆಯ ಹಿಡಿಕೆ ಮುಟ್ಟಲಾಗುತ್ತಿರಲಿಲ್ಲ. ಇಬ್ಬರು ಹೆಣ್ಣಾಳು ತಲೆ ತಿರುಗಿ ಕುಳಿತ ದಿನದಿಂದ ಹನ್ನೊಂದರಿಂದ ನಾಲ್ಕರವರೆಗೆ ಕೆಲಸ ನಿಲ್ಲಿಸಿದೆ. ಅದಕ್ಕೂ ಮೊದಲು, ಅವಸರಕ್ಕೆ ಬಿದ್ದು ಹತ್ತರ ಬಿಸಿಲಿನಲ್ಲಿ ಸುರಿದ ಒಂದು ಹಾಸು ಸಂಜೆಗೆ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಗೌಂಡಿ ಮೇಲೆ ಸಿಮೆಂಟ್ ಹಾಲು ಬಳಿದು ಮುಚ್ಚೋಣ ಎಂದ. ಒಡೆಸಿದೆ. ಮತ್ತೆ ಬೆಳಗಿನ ಜಾವ ಸುರಿಸಿ, ತೊಯ್ಸಿದ ಗೋಣಿಚೀಲ ಹೊದಿಸಿ, ಹದಿನಾಲ್ಕು ದಿನ ನೀರುಣಿಸಿದೆ. ಅದೇ ಕಾದ ಗಾಳಿ: ಬೇಸಿಗೆಯಲ್ಲಿ ನನ್ನ ಕಾಂಕ್ರೀಟಿನ ನೀರು ಕುಡಿಯುತ್ತದೆ, ಹಸ್ತದಲ್ಲಿ ಆಯಿಯ ಮನೆಗೆ ತಂದು ಸುರಿಯುತ್ತದೆ.

ಮುಂಗಾರಿನ ಮಿರಗ ಮಳೆ ಕೂಡುವುದಕ್ಕೆ ಒಂದು ವಾರ ಮೊದಲು ಕೆಲಸ ಮುಗಿಯಿತು. ಆಯಿಯ ಗೋಡೆಯನ್ನೂ ಗೌಂಡಿ ಕಟ್ಟಿಕೊಟ್ಟ. ಹಾಸಿನ ಎರಡೂ ಬದಿಗೆ ಕಂಬ ನೆಟ್ಟು ಕೆಂಪು ಪಟ್ಟಿ ಬಳಿಸಿದೆ, ಕೆಂಪು ಮುಳುಗಿದರೆ ದಾಟಬಾರದು.

ಈ ವರ್ಷ ಹಸ್ತ ಒಣ ಹೋಯಿತು, ಚಿತ್ತಿ ಮಳೆ ಸುರಿಯಿತು. ಮತ್ತೆ ಮಧ್ಯಾಹ್ನ, ಮತ್ತೆ ಎರಡು ತಾಸಿನೊಳಗೆ. ನಾನು ಸಿರಸಂಗಿಯ ಕಡೆ ಬೇರೆ ಕೆಲಸದಲ್ಲಿದ್ದೆ. ಮೊದಲ ಫೋನು ಗೌಡರದು, ನನ್ನ ಟ್ರ್ಯಾಕ್ಟರ್ ನಿಂತಿದೆ, ಬೀಡಿ ಮುಗಿದಿದೆ, ಬರುವಾಗ ತಗೊಂಡು ಬಾ ಎಂದರು. ನಾನು ತಲುಪುವಾಗ ನೀರು ಹಾಸಿನ ಮೇಲೆ ಮೊಣಕಾಲುದ್ದ ಹಾಯುತ್ತಿತ್ತು, ಒಂದು ಇಡೀ ಜಾಲಿಗಿಡ ಮೇಲಿಂದ ಉರುಳಿಕೊಂಡು ಹೋಯಿತು. ಎರಡೂ ದಂಡೆಯಲ್ಲಿ ಗಾಡಿಗಳು ನಿಂತಿದ್ದವು, ನನ್ನನ್ನು ಬೈಯುವವರೂ ನಿಂತಿದ್ದರು. ಇಳಿಯುವವರೆಗೆ ನಾನೂ ಅವರ ಜೊತೆ ನಿಂತೆ.

ಓಣಿಗೆ ಹೋದೆ. ನೀರು ಆಯಿಯ ಹೊಸ್ತಿಲು ಮುಟ್ಟಿ ವಾಪಸಾಗಿತ್ತು, ಒಳಗಿನ ನೆಲ ಒಣಗಿತ್ತು. ಗಂಟು ಗೂಟಕ್ಕೆ ತೂಗುತ್ತಿತ್ತು. ನನಗೆ ಎದೆ ಉಬ್ಬಿತ್ತು ಎಂದರೆ ಸುಳ್ಳಲ್ಲ. ಈಗ ಆಯಿ ಏನಾದರೂ ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಿಂತೆ. ಆಕೆ ಮೂಲೆಯಿಂದ ಸುತ್ತಿಗೆ, ಉಳಿ ತಂದು ನನ್ನ ಕೈಗೇ ಕೊಟ್ಟಳು. ಆವತ್ತು ಸಾಕ್ಷಿ ಅಂತ ಕೀಳದೆ ಬಿಡಿಸಿದ್ದ ಗೂಟ, ಈಗ ಏರಿಸಿಕೊಡು ಎಂದಳು.

"ಯಾಕ ಆಯಿ, ನೀರು ಒಳಗ ಬರಲಿಲ್ಲಲ್ಲ? ನನ್ನ ಕೆಲಸದ ಮ್ಯಾಲೆ ನಂಬಿಗಿ ಇಲ್ಲೇನ?"

"ನಿನ್ನ ಕೆಲಸದ ಮ್ಯಾಲೆ ಐತಪಾ. ಮುಗಿಲ ಮ್ಯಾಲೆ ಇಲ್ಲ."

ಮೇಡಂ ಹೇಳಿದ್ದೂ ಅದೇ, ಕಡತದಲ್ಲಿ ಬರೆದದ್ದೂ ಅದೇ. ಸ್ಟೂಲು ಹತ್ತಿ, ಮೂರನೆಯ ತೂತಿನ ಮೇಲೆ ಗೇಣು ಅಳೆದೆ. ಇನ್ನೊಂದು ಗೇಣು ಎಂದಳು. ಇನ್ನೊಂದು ಗೇಣು ಅಳೆದು, ನಾಲ್ಕನೆಯ ತೂತು ಕೊರೆದೆ.